ಕೆಂಪು ಗುರುತಿನ ಪೊಟ್ಟಣ

ಸಿದ್ದಾಪುರ
3 ಫೆಬ್ರವರಿ 2025

ಮಗ ಭೀಮೇಶನಿಗೆ ನಿನ್ನ ಅಮ್ಮ ಬರೆಯುವ ಕಾಗದ.

ಇಲ್ಲಿ ಎಲ್ಲ ಕ್ಷೇಮ ಎಂದು ಶುರು ಮಾಡಬೇಕಂತೆ. ಕೈ ಏಳುವುದಿಲ್ಲ. ಜೈಲಿನ ಮುಲಾಕಾತಿಗೆ ಬಂದ ದಿನ ಜಾಲರಿಯ ಆಚೆ ನೀನು, ಈಚೆ ನಾನು, ನನ್ನ ಎಡಕ್ಕೂ ಬಲಕ್ಕೂ ಇಪ್ಪತ್ತು ಜನ ಕಿರುಚುತ್ತಿದ್ದರು. ನೀನು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು, "ಇನ್ಮೇಲೆ ಬರ್ಬೇಡಮ್ಮ." ಸರಿ, ಬರುವುದಿಲ್ಲ. ಬರೆಯುತ್ತೇನೆ. ಏಳನೇ ಕ್ಲಾಸಿನವರೆಗೆ ಓದಿದ್ದು ಇದಕ್ಕಾದರೂ ಉಪಯೋಗಕ್ಕೆ ಬರಲಿ.

ಪೊಲೀಸಿನವರು ಬರೆದುಕೊಂಡಿರುವುದು ಇಷ್ಟು. ಜನವರಿ ಒಂಬತ್ತರಂದು ಡ್ರೈವರ್ ಭೀಮೇಶ ಇಂದ್ರಾಣಿಯಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದ, ಖಾಲಿ ಕಾರು ತಂದು ನಿಲ್ಲಿಸಿದ, ಎಪ್ಪತ್ತಾರು ವರ್ಷದ ಹೆಂಗಸು ಎಲ್ಲಿ ಎಂದರೆ ಬಾಯಿ ಬಿಡುತ್ತಿಲ್ಲ. ಅವರ ಮಗ ಪ್ರಮೋದ್ ಟಿ.ವಿ.ಯವರ ಮುಂದೆ ಅತ್ತ. ನಮ್ಮ ಬೀದಿಯಲ್ಲಿ ನಾನು ನಲ್ಲಿ ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ಆ ಕೆಲಸಕ್ಕೆ ನಿನ್ನನ್ನು ಸೇರಿಸಿದವಳು ನಾನೇ ಅಲ್ಲವೇ? ಜಯನಗರದ ಆ ಗೇಟಿನಲ್ಲಿ ಕಸ ಇಸಿದುಕೊಳ್ಳುವಾಗ ಅವರೇ ಕೇಳಿದ್ದು, "ನಿನ್ನ ಮಗನಿಗೆ ಡ್ರೈವಿಂಗ್ ಬರತ್ತೇನೇ ಅಣ್ಣಮ್ಮಾ?" ಎಂದು. ಆ ಬೀದಿಯಲ್ಲಿ ಮನೆಯವರು ಕುಡಿಯುವ ಲೋಟದಲ್ಲೇ ನನಗೂ ಕಾಫಿ ಕೊಟ್ಟವರು ಅವರೊಬ್ಬರೇ. ಅವರಿಗೆ ನೀನು ಕೇಡು ಬಗೆದೆ ಎಂದು ದೇಶವೆಲ್ಲ ಹೇಳಲಿ, ನಾನು ನಂಬುವವಳಲ್ಲ.

ಈಗ ಮುಖ್ಯ ವಿಷಯ. ಇಂದ್ರಾಣಿಯಮ್ಮನ ಮನೆಯ ಬೆನ್ನಿಗೆ ಅನಂತರಾಮು ಅವರ ಮನೆ. ಎರಡು ಹಿತ್ತಲಿಗೂ ನಡುವೆ ಕನ್ಸರ್ವೆನ್ಸಿ ಓಣಿ, ನಾನು ದಿನಾ ಗುಡಿಸುವುದು. ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ನಿಮಗೆಲ್ಲ ಮನೆ ಎಂದರೆ ಗೇಟು, ಹೂಕುಂಡ, ಕಾರು. ನನಗೆ ಮನೆ ಎಂದರೆ ಅದರ ಕಸ. ಯಾರಿಗೆ ಸಕ್ಕರೆ ಕಾಯಿಲೆ, ಯಾರು ಹೆಂಡತಿಗೆ ಗೊತ್ತಾಗದ ಹಾಗೆ ಸಿಗರೇಟು ಸೇದುತ್ತಾರೆ, ಯಾರ ಮನೆಯಲ್ಲಿ ಜಗಳವಾಗಿ ಅನ್ನ ಹಾಗೇ ಉಳಿಯಿತು, ಎಲ್ಲ ಬಕೆಟ್ಟಿನಲ್ಲಿ ಇರುತ್ತದೆ. ಅನಂತರಾಮು ಅವರ ಹೆಂಡತಿ ರೇಖಾ ಮೇಡಂ ಅಂತೂ ಕಸ ಕೊಡುವುದರಲ್ಲಿ ಇಡೀ ವಾರ್ಡಿಗೆ ಫಸ್ಟು. ಹಸಿ ಕಸ ಬೇರೆ, ಒಣ ಕಸ ಬೇರೆ, ಹಾಲಿನ ಕವರನ್ನೂ ತೊಳೆದು ಒಣಗಿಸಿ ಕೊಡುತ್ತಾರೆ.

ಆ ಮನೆಯಲ್ಲಿ ಎಲೆ ಅಡಿಕೆ ಹಾಕುವವರಿಲ್ಲ. ಜನವರಿಯಲ್ಲಿ ಅವರ ಹಸಿ ಕಸದಲ್ಲಿ ವೀಳ್ಯದೆಲೆ ತೊಟ್ಟು ಬರುವುದಕ್ಕೆ ಶುರುವಾಯಿತು. ಇಂದ್ರಾಣಿಯಮ್ಮ ಎಲೆ ಮಡಿಸುವ ಮೊದಲು ತೊಟ್ಟು ಮುರಿದು, ತುದಿಯನ್ನೂ ಚಿವುಟುತ್ತಿದ್ದರಲ್ಲ, ಥೇಟ್ ಹಾಗೆಯೇ. ಈಗ ಇನ್ನೊಂದು. ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ ಪೊಟ್ಟಣ, ದಿನಕ್ಕೆ ಎರಡು ಮೂರು. ಮಕ್ಕಳದ್ದು, ಹೆಂಗಸರದ್ದು ಹಾಗೆ ಸುತ್ತಿ ಕೊಡಬೇಕು ಎಂಬುದು ಪಾಲಿಕೆಯ ರೂಲು. ಅರವತ್ತು ದಾಟಿದ ಇಬ್ಬರ ಮನೆಯಲ್ಲಿ ಅದಕ್ಕೇನು ಕೆಲಸ? ಒಂದನ್ನು ಬಿಚ್ಚಿ ನೋಡಿದೆ. ದೊಡ್ಡವರಿಗೆ ಹಾಕುವ ಡೈಪರ್.

ಆ ಮನೆಯಲ್ಲಿ ಮೂರನೆಯವರು ಯಾರೋ ಇದ್ದಾರೆ ಭೀಮಾ. ಹಿಂದಿನ ರೂಮಿನ ಕಿಟಕಿಗೆ ಪೇಪರು ಅಂಟಿಸಿದ್ದಾರೆ. "ನೆಂಟರು ಬಂದವ್ರಾ ಮೇಡಂ?" ಎಂದು ಕೇಳಿದೆ. "ಯಾರೂ ಇಲ್ವಲ್ಲ" ಎಂದು ಗೇಟು ಹಾಕಿಕೊಂಡರು. ಮುಖ ನೋಡಬೇಕಿತ್ತು. ಎರಡು ಸೈಟನ್ನೂ ಸೇರಿಸಿ ಅಪಾರ್ಟ್‌ಮೆಂಟು ಎಬ್ಬಿಸುವ ಮಾತು ಮೊದಲೇ ಇತ್ತಲ್ಲ. ಮುದುಕಿಯನ್ನು ಕೂಡಿ ಹಾಕಿಕೊಂಡು ಪಾಪವನ್ನು ನಿನ್ನ ತಲೆಗೆ ಕಟ್ಟಿದ್ದಾರೆ. ನಾನು ಬಿಡುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಜೈಭೀಮ್.
ನಿನ್ನ ಅಮ್ಮ,
ಅಣ್ಣಮ್ಮ


ಕೇಂದ್ರ ಕಾರಾಗೃಹ
14 ಫೆಬ್ರವರಿ 2025

ಅಮ್ಮನಿಗೆ,

ನಿನ್ನ ಕಾಗದ ಬಂತು. ಒಡೆದು ಓದಿಯೇ ನನ್ನ ಕೈಗೆ ಕೊಟ್ಟರು. ಕಸದ ಪುರಾಣ ಎಂದು ನಕ್ಕರು, ಪುಣ್ಯಕ್ಕೆ ಅಷ್ಟಕ್ಕೇ ಬಿಟ್ಟರು. ಇನ್ನು ಮುಂದೆ ಕಾಗದದಲ್ಲಿ ಯಾರ ಮನೆಯ ಹೆಸರನ್ನೂ ಬರೆಯಬೇಡ.

ಆ ಮನೆಯ ಸಹವಾಸ ಬಿಡು. ಅವರು ಒಳ್ಳೆಯ ಜನ. ಯಾರೋ ಅತ್ತೆಯೋ ಚಿಕ್ಕಮ್ಮನೋ ಬಂದಿರಬಹುದು, ಹೇಳಿಕೊಳ್ಳಲು ಸಂಕೋಚ ಇರಬಹುದು. ಪರರ ಮನೆಯ ಕಸ ಬಿಚ್ಚಿ ನೋಡುವುದು ಮೇಸ್ತ್ರಿಗೆ ಗೊತ್ತಾದರೆ ನಿನ್ನ ಕೆಲಸ ಹೋಗುತ್ತದೆ. ನನ್ನ ಚಿಂತೆ ಬೇಡ. ಇಲ್ಲಿ ಲೈಬ್ರರಿ ಇದೆ. ಸೊಳ್ಳೆ ಜಾಸ್ತಿ, ಅಷ್ಟೇ.

ಒಂದು ಕೇಳಬೇಕಿತ್ತು. ಎಲೆ ತೊಟ್ಟು ಈಗಲೂ ಬರುತ್ತಿದೆಯೇ? ನಿಂತಿದ್ದರೆ ಯಾವತ್ತು ನಿಂತಿತು? ಆ ಪೊಟ್ಟಣ ಬರಲು ಶುರುವಾದದ್ದು ತೊಟ್ಟು ನಿಲ್ಲುವ ಮೊದಲೋ, ಆಮೇಲೋ?

ನಿನ್ನ ಮಗ,
ಭೀಮೇಶ


ಸಿದ್ದಾಪುರ
21 ಫೆಬ್ರವರಿ 2025

ಭೀಮೇಶನಿಗೆ,

ನಿನ್ನ ಕಾಗದ ಕೈ ಸೇರುವ ಮೊದಲೇ ನಾನು ಒಂದು ಪೊಟ್ಟಣವನ್ನು ಕವರಿನಲ್ಲಿ ಹಾಕಿಕೊಂಡು ಸ್ಟೇಷನ್ನಿಗೆ ಹೋಗಿದ್ದೆ. ಇನ್ಸ್‌ಪೆಕ್ಟರ ಟೇಬಲ್ಲಿನ ಮೇಲೆ ಇಟ್ಟೆ. "ಏನಮ್ಮಾ ಇದು?" ಎಂದರು. "ಸಾಕ್ಷಿ ಸಾರ್" ಎಂದೆ. ಬಿಚ್ಚಿಸಿದರು. ಆಮೇಲೆ ನನ್ನನ್ನು ಆಚೆ ತಳ್ಳಿ, ಟೇಬಲ್ಲನ್ನು ನನ್ನ ಕೈಯಲ್ಲೇ ಫಿನಾಯಿಲ್ ಹಾಕಿ ಒರೆಸಿದರು. ಒಬ್ಬ ಪೇದೆ "ಮುಂದಿನ ಸಲ ಹಸಿ ಕಸಾನೂ ತಗೊಂಬಾ ಆಂಟಿ" ಎಂದ. ಎಲ್ಲರೂ ನಕ್ಕರು. ಬಸ್ಸಿನಲ್ಲಿ ಅಳಬಾರದು ಎಂದು ಹಲ್ಲು ಕಚ್ಚಿಕೊಂಡು ಬಂದೆ.

ಮನೆಗೆ ಬಂದರೆ ನಿನ್ನ ಕಾಗದ. ಒಡೆದು ಓದುತ್ತಾರೆ ಎಂದು ಬರೆದೆಯಲ್ಲ, ಅದಕ್ಕೇ ಇದನ್ನು ಅಂಚೆಗೆ ಹಾಕದೆ ಮುಲಾಕಾತಿಗೆ ಬರುವವರೊಬ್ಬರ ಕೈಯಲ್ಲಿ ಗುಟ್ಟಾಗಿ ಕಳಿಸುತ್ತಿದ್ದೇನೆ.

ತೊಟ್ಟು ನಿಂತದ್ದು ಜನವರಿ ಇಪ್ಪತ್ತೊಂಬತ್ತು. ಮಾರನೆಯ ದಿನ ಹಸಿ ಕಸದಲ್ಲಿ ಏನೂ ಇರಲಿಲ್ಲ, ಆ ಮನೆಯವರು ಒಲೆ ಹಚ್ಚಿಲ್ಲ. ಪೊಟ್ಟಣ ಶುರುವಾದದ್ದು ಮೂವತ್ತೊಂದಕ್ಕೆ. ಅವತ್ತಿನಿಂದ ಗಂಜಿ, ಸೋಸಿದ ಹಣ್ಣಿನ ಚರಟ, ಜ್ಯೂಸ್ ಕುಡಿಯುವ ಕೊಳವೆ. ಜನವರಿಯಲ್ಲಿ ಕೂತು ಎಲೆ ಹಾಕಿಕೊಳ್ಳುತ್ತಿದ್ದವರು ಫೆಬ್ರವರಿಯಲ್ಲಿ ಮಲಗಿದಲ್ಲೇ ಇದ್ದಾರೆ ಎಂದು ನನ್ನ ಲೆಕ್ಕ. ನಿನ್ನ ಲೆಕ್ಕವೂ ಅದೇ ತಾನೇ?

ಯಾರೋ ಅತ್ತೆ, ಯಾರೋ ಚಿಕ್ಕಮ್ಮ ಆಗಿದ್ದರೆ ನಿನಗೆ ಆ ತೊಟ್ಟು ಯಾವತ್ತು ನಿಂತಿತು ಎಂಬ ಉಸಾಬರಿ ಯಾಕೆ? ಇಪ್ಪತ್ತೆಂಟು ವರ್ಷ ನಿನ್ನನ್ನು ನೋಡಿದ್ದೇನೆ. ನಿನಗೆ ಗೊತ್ತು. ಅವರು ಎಲ್ಲಿದ್ದಾರೆ ಎಂದು ನಿನಗೆ ಮೊದಲಿನಿಂದಲೂ ಗೊತ್ತು. ಗೊತ್ತಿದ್ದೂ ಅಲ್ಲಿ ಕೂತಿದ್ದೀಯ. ನಾನಿಲ್ಲಿ ಕಂಡವರ ಹೇಲು ಬಿಚ್ಚಿ ನೋಡುತ್ತಿದ್ದೇನೆ.

ನನಗೆ ಹೇಳು. ನಿನ್ನ ಅಪ್ಪನ ಫೋಟೊದ ಮೇಲೆ ಆಣೆ, ಹೇಳು.

ಅಮ್ಮ


5 ಮಾರ್ಚ್ 2025

ಅಮ್ಮನಿಗೆ,

ಇದನ್ನು ಜೈಲಿನ ಡಬ್ಬಕ್ಕೆ ಹಾಕುತ್ತಿಲ್ಲ. ಶಾಮಣ್ಣ ಎಂದು ನನ್ನ ಬ್ಯಾರಕ್ಕಿನವರು, ಇವತ್ತು ಬಿಡುಗಡೆ. ಅಂಗಿಯ ಒಳಗೆ ಇಟ್ಟುಕೊಂಡು ತರುತ್ತಾರೆ. ಓದಿ ಸುಟ್ಟುಬಿಡು.

ಹೌದು, ಗೊತ್ತು. ಹಿಂದಿನ ಮನೆಗೆ ಬಿಟ್ಟದ್ದು ನಾನೇ.

ಪ್ರಮೋದ್ ಸಾರ್ ತಾಯಿಗೆ ಹೊಡೆಯುತ್ತಿದ್ದರು. ಮನೆಯನ್ನು ಬಿಲ್ಡರಿಗೆ ಕೊಡಲು ಸಹಿ ಹಾಕು ಎಂದು. ಇಂದ್ರಾಣಿಯಮ್ಮ ಹಾಕಲಿಲ್ಲ. ಮೊದಲು ಫೋನ್ ಕಿತ್ತುಕೊಂಡರು, ಆಮೇಲೆ ಕನ್ನಡಕ. ಡಿಸೆಂಬರಿನಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ ಕಾರಿನಲ್ಲಿ ಸೆರಗು ಸರಿಸಿ ತೋಳು ತೋರಿಸಿದರು. ಮೊಣಕೈಯಿಂದ ಮೇಲಕ್ಕೆ ನೇರಳೆ ಬಣ್ಣ. "ಹೆತ್ತ ಮಗ ಕಣೋ ಭೀಮೇಶ, ಯಾರ ಹತ್ರ ಹೇಳ್ಲಿ?" ಎಂದರು. ನಾನು ಸ್ಟೀರಿಂಗ್ ಹಿಡಿದುಕೊಂಡು ಅತ್ತೆ.

ಒಂಬತ್ತನೇ ತಾರೀಕು ದೇವಸ್ಥಾನಕ್ಕೆ ಎಂದು ಹೊರಡಿಸಿಕೊಂಡು, ಒಂದು ಸುತ್ತು ಹೊಡೆದು, ಓಣಿಯಲ್ಲಿ ಇಳಿಸಿ ಹಿಂದಿನ ಬಾಗಿಲಿನಿಂದ ಅನಂತರಾಮು ಅವರ ಮನೆಗೆ ಸೇರಿಸಿದೆ. ಇಂದ್ರಾಣಿಯಮ್ಮ ತನ್ನ ತಂಗಿಯ ಮಗಳು ತನ್ಮಯಿ ವಕೀಲೆ, ಪುಣೆಯಲ್ಲಿದ್ದಾಳೆ, ಹತ್ತು ದಿನದಲ್ಲಿ ಬಂದು ಕರೆದುಕೊಂಡು ಹೋಗುತ್ತಾಳೆ ಎಂದರು. ನನ್ನ ಕೈ ಹಿಡಿದುಕೊಂಡು, "ನಾನೇ ಹೊರಗೆ ಬಂದು ಹೇಳೋ ತನಕ ಯಾರ ಹತ್ರಾನೂ ಬಾಯಿ ಬಿಡಬೇಡ, ಅವನ ಕೈಗೆ ಮತ್ತೆ ಸಿಕ್ರೆ ನಾನು ಉಳಿಯಲ್ಲ" ಎಂದರು. ಮಾತು ಕೊಟ್ಟೆ. ಹತ್ತು ದಿನ ತಾನೇ ಎಂದುಕೊಂಡೆ.

ಅವರಿಗೆ ಸ್ಟ್ರೋಕ್ ಆಗಿರಬೇಕು ಎಂದು ನನಗೆ ತಿಳಿದದ್ದು ನಿನ್ನ ಕಾಗದದಿಂದ. ಮಾತು ಹೋಗಿದ್ದರೆ ಅವರು ಹೊರಗೆ ಬಂದು ಏನು ಹೇಳುತ್ತಾರೆ? ನಾನು ಬಾಯಿ ಬಿಟ್ಟರೆ ಮಲಗಿದ ಜೀವವನ್ನು ನೇರವಾಗಿ ಆ ಮಗನ ಕೈಗೆ ಒಪ್ಪಿಸಿದಂತೆ. ಮಾತು ಬಾರದವರನ್ನು ಕೊಲ್ಲಲು ಹೊಡೆಯುವುದೂ ಬೇಕಿಲ್ಲ, ಸುಮ್ಮನೆ ಬಿಟ್ಟರೆ ಸಾಕು.

ನೀನು ಏನೂ ಮಾಡಬೇಡ. ನಿನ್ನ ಕಾಲು ಹಿಡಿಯುತ್ತೇನೆ.

ಭೀಮೇಶ


10 ಮಾರ್ಚ್ 2025

ರೇಖಾ ಮೇಡಂ ಅವರಿಗೆ,

ಈ ಚೀಟಿಯನ್ನು ನಿಮ್ಮ ಹಸಿರು ಬಕೆಟ್ಟಿನ ತಳದಲ್ಲಿ ಇಟ್ಟಿದ್ದೇನೆ. ನೀವು ದಿನಾ ಬಕೆಟ್ ತೊಳೆಯುವವರು, ಕಂಡೇ ಕಾಣುತ್ತದೆ.

ನಿಮ್ಮ ಹಿಂದಿನ ರೂಮಿನಲ್ಲಿ ಯಾರಿದ್ದಾರೆ ಎಂದು ನನಗೆ ಗೊತ್ತು. ಅವರನ್ನು ಅಲ್ಲಿಗೆ ತಂದು ಬಿಟ್ಟವನು ನನ್ನ ಮಗ, ಅವನು ಐವತ್ತೆಂಟು ದಿನದಿಂದ ಜೈಲಿನಲ್ಲಿದ್ದಾನೆ. ನೀವು ನನ್ನ ಮುಖ ನೋಡಿಕೊಂಡೇ ದಿನಾ ಬಕೆಟ್ ಕೊಟ್ಟಿದ್ದೀರಿ. ಕಾಂಪೌಂಡಿನ ಮೇಲೆ ನನಗಾಗಿ ಬೇರೆ ಲೋಟ ಇಟ್ಟಿದ್ದೀರಿ, ನಾನು ಒಂದು ದಿನವೂ ಮಾತಾಡಿಲ್ಲ. ಈಗ ಆಡುತ್ತೇನೆ. ನನ್ನ ಮಗ ಯಾವತ್ತು ಮನೆಗೆ ಬರುತ್ತಾನೆ? ಅದೊಂದು ಹೇಳಿ.

ಅಣ್ಣಮ್ಮ, ಪೌರಕಾರ್ಮಿಕೆ


ಜಯನಗರ
12 ಮಾರ್ಚ್ 2025

ಅಣ್ಣಮ್ಮ ಅವರಿಗೆ ನಮಸ್ಕಾರಗಳು.

ಇದನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿಟ್ಟಿದ್ದೇನೆ. ನಿಮ್ಮನ್ನು ಬಿಟ್ಟು ಬೇರೆ ಯಾರೂ ಬಿಚ್ಚುವುದಿಲ್ಲವಲ್ಲ. ನಿಮ್ಮನ್ನು "ನೀವು" ಎಂದು ಬರೆಯುತ್ತಿರುವುದು ಇದೇ ಮೊದಲು ಎಂಬುದು ನನಗೇ ಈಗ ಹೊಳೆಯಿತು, ನಾಚಿಕೆಯಾಯಿತು.

ಇಂದ್ರಾಣಿ ನನ್ನ ಮೂವತ್ತು ವರ್ಷದ ಸ್ನೇಹಿತೆ. ಹತ್ತು ದಿನದ ಮಟ್ಟಿಗೆ ಎಂದು ಬಂದಳು. ನಿಮ್ಮ ಮಗನನ್ನು ಹಿಡಿದ ದಿನವೇ ಸ್ಟೇಷನ್ನಿಗೆ ಹೋಗಿ ಎಲ್ಲ ಹೇಳುತ್ತೇನೆ ಎಂದು ಹೊರಟಿದ್ದಳು, ತನ್ಮಯಿ ಬರುವವರೆಗೆ ಇರು ಎಂದು ತಡೆದವರು ನಾವು. ಇಪ್ಪತ್ತೊಂಬತ್ತರ ಬೆಳಿಗ್ಗೆ ಕಾಫಿ ಲೋಟ ಹಿಡಿದಿದ್ದ ಹಾಗೆಯೇ ಬಲಗಡೆ ಕುಸಿದಳು. ನಮ್ಮ ಭಾವ ಡಾಕ್ಟರು, ಗುಟ್ಟಾಗಿ ಬಂದು ನೋಡಿದರು. ಆಸ್ಪತ್ರೆಗೆ ಸೇರಿಸಿದ್ದರೆ ಹೆಸರು ಹೇಳಬೇಕಿತ್ತು. ಸೇರಿಸಲಿಲ್ಲ. ಮಾತು ಹೋಯಿತು.

ಈಗ ಹೊರಗೆ ಹೇಳಿದರೆ ಅಪಹರಣ ಮಾಡಿದವರು ನಾವೇ ಆಗುತ್ತೇವೆ. ನಮ್ಮ ಯಜಮಾನರಿಗೆ ಹೃದಯದ ಆಪರೇಷನ್ ಆಗಿದೆ. ಪೊಲೀಸ್ ಜೀಪು ಬೀದಿಯಲ್ಲಿ ಹೋದರೂ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕುತ್ತಾರೆ. ನಾವು ಹೇಡಿಗಳು ಅಣ್ಣಮ್ಮ. ಒಳ್ಳೆಯದು ಮಾಡಲು ಹೋದ ಹೇಡಿಗಳು. ಇಡೀ ಜೀವಮಾನದಲ್ಲಿ ಕಾನೂನು ಮೀರಿದವರಲ್ಲ. ಹಾಗಿದ್ದೂ ಆ ಪೊಟ್ಟಣಗಳಿಗೆ ಗುರುತು ಹಾಕದೆ ಕೊಡಲು ನನ್ನ ಕೈ ಬರಲಿಲ್ಲ ನೋಡಿ. ಹಾಗೇ ಕಸದಲ್ಲಿ ಸೇರಿಸಿದ್ದರೆ ನಿಮಗೆ ಗೊತ್ತಾಗುತ್ತಲೇ ಇರಲಿಲ್ಲ.

ಯುಗಾದಿಗೆ ತನ್ಮಯಿ ಖಂಡಿತ ಬರುತ್ತಾಳೆ. ಅಲ್ಲಿಯವರೆಗೆ ತಡೆಯಿರಿ. ನಿಮ್ಮ ಮಗನ ಹೆಸರಿನಲ್ಲಿ ದಿನಾ ದೀಪ ಹಚ್ಚುತ್ತಿದ್ದೇನೆ.

ಇಂತಿ,
ರೇಖಾ ಅನಂತರಾಮು


ಸಿದ್ದಾಪುರ
4 ಏಪ್ರಿಲ್ 2025

ಭೀಮೇಶನಿಗೆ,

ಇದನ್ನೂ ಅಂಚೆಗೆ ಹಾಕದೆ ಶಾಮಣ್ಣನವರ ಮೂಲಕ ಒಳಗೆ ಕಳಿಸುತ್ತಿದ್ದೇನೆ. ಹಬ್ಬ ಬಂತು, ಹೋಯಿತು. ಆ ಪುಣೆಯವಳು ಬರಲಿಲ್ಲ. ಮೇಡಂ ಈಗ ಬಕೆಟ್ಟನ್ನು ಗೇಟಿನ ಹೊರಗೆ ಇಟ್ಟು ನಾನು ಬರುವ ಮೊದಲೇ ಒಳಗೆ ಹೋಗುತ್ತಾರೆ.

ಜಾಮೀನು ಎರಡನೇ ಸಲವೂ ಸಿಗಲಿಲ್ಲ. "ಮುದುಕಿ ಎಲ್ಲಿ ಅಂತ ಇವನು ಹೇಳೋವರೆಗೂ ಕಷ್ಟ" ಎಂದು ಸರ್ಕಾರದ ಕಡೆಯಿಂದ ಕೊಟ್ಟ ವಕೀಲರು ಹೇಳಿದರು. ಕೋರ್ಟಿನ ಮೆಟ್ಟಿಲಿನಲ್ಲಿ ನಿನ್ನನ್ನು ನೋಡಿದೆ. ಕಣ್ಣು ಅರಿಶಿನ ಬಳಿದ ಹಾಗೆ ಹಳದಿ. ಕಾಮಾಲೆ ಎಷ್ಟು ದಿನದಿಂದ? ನೀನು ನನಗೆ ಬರೆಯಲಿಲ್ಲ. ಬೇಡಿ ಹಾಕಿದ ಕೈಯನ್ನು ಬೆನ್ನಿನ ಹಿಂದೆ ಮುಚ್ಚಿಟ್ಟುಕೊಂಡೆ, ನಾನು ನೋಡಬಾರದು ಎಂದು.

ಅವರು ದೀಪ ಹಚ್ಚುತ್ತಾರಂತೆ. ಅವರ ಒಳ್ಳೆಯತನಕ್ಕೆ ಜೈಲಿನಲ್ಲಿ ಕೂತಿರುವುದು ನನ್ನ ಮಗ. ಕಷ್ಟ ಯಾರ ಮನೆಯದಾದರೂ ಕೊನೆಗೆ ಹೊರುವವರು ನಾವೇ, ಅವರ ಕಸದ ಹಾಗೆ. ಇಂದ್ರಾಣಿಯಮ್ಮ ನನಗೆ ಬೇಕಾದವರೇ. ಆದರೆ ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ನನಗೆ ನೀನು ಬೇಕು.

ಅಮ್ಮ


9 ಏಪ್ರಿಲ್ 2025

ಅಮ್ಮ,

ಬೇಡ. ಕೈ ಮುಗಿಯುತ್ತೇನೆ, ಬೇಡ. ಕಾಮಾಲೆ ವಾಸಿಯಾಗುತ್ತದೆ. ನಾನು ತಡೆದುಕೊಳ್ಳುತ್ತೇನೆ.

ಭೀಮೇಶ


ಸಿದ್ದಾಪುರ
16 ಏಪ್ರಿಲ್ 2025

ಭೀಮೇಶನಿಗೆ,

ಆಗಿಹೋಯಿತು. ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ಮೊದಲು ನಾನೇ ಬರೆಯುತ್ತೇನೆ.

ಮೊನ್ನೆ ಬಾಬಾಸಾಹೇಬರ ಜಯಂತಿ. ಬೀದಿಯವರೆಲ್ಲ ನೀಲಿ ಬಾವುಟ ಕಟ್ಟಿದರು, ನಾನು ಬಾಗಿಲು ಹಾಕಿಕೊಂಡು ಮಲಗಿದ್ದೆ. ನಿನ್ನೆ ಆರಕ್ಕೆ ಹಾಜರಿ ಹಾಕುವ ಮಸ್ಟರಿಗೆ ಹೋಗಿ ಮುಖ ತೋರಿಸಿ, ಎಂದಿನಂತೆ ಚಲುವರಾಜು ಓಡಿಸುವ ಕಸದ ಟಿಪ್ಪರಿನ ಹಿಂದೆ ಹೊರಟೆ. ಅನಂತರಾಮು ಮನೆಯ ಗೇಟಿನಲ್ಲಿ ಹಸಿರು ಬಕೆಟ್ಟೂ ಇಲ್ಲ, ಒಣ ಕಸದ ಚೀಲವೂ ಇಲ್ಲ. ಒಂದೇ ಒಂದು ಕಪ್ಪು ಕವರು, ಬಾಯಿ ಬಿಗಿದು ಗಂಟು ಹಾಕಿದ್ದು. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಕಸ ಬೆರೆಸದ ಮನೆ. ಕವರು ಮುಟ್ಟಿದರೆ ಒಳಗೆ ಗಟ್ಟಿಯಾಗಿ ಏನೋ ಡಬ್ಬಿ. ಇಂದ್ರಾಣಿಯಮ್ಮನ ಎಲೆ ಅಡಿಕೆ ಡಬ್ಬಿ, ಮೂಲೆ ನಜ್ಜುಗುಜ್ಜಾಗಿರುವುದು. ಕವರಿನ ಮೇಲಿನಿಂದಲೇ ನನ್ನ ಬೆರಳಿಗೆ ಗೊತ್ತಾಯಿತು.

ಮನೆಯ ಮುಂದೆ ಬಿಳಿ ಕಾರು, ಡಿಕ್ಕಿ ತೆರೆದಿತ್ತು, ಒಳಗೆ ಮಡಿಸಿದ ವೀಲ್‌ಚೇರು. ಅವರನ್ನು ಎಲ್ಲಿಗೋ ಸಾಗಿಸುತ್ತಿದ್ದಾರೆ. ಸಾಗಿಸಿಬಿಟ್ಟರೆ ಆಮೇಲೆ ನಿನ್ನನ್ನು ಬಿಡಿಸುವ ಸಾಕ್ಷಿ ಭೂಮಿಯ ಮೇಲೆ ಎಲ್ಲೂ ಇಲ್ಲ.

"ಬೆರೆಸಿದ ಕಸ ತಗೊಳಲ್ಲ ಮೇಡಂ, ಬೇರೆ ಮಾಡಿ ಕೊಡಿ" ಎಂದು ಕೂಗಿದೆ.

ರೇಖಾ ಮೇಡಂ ಓಡಿ ಬಂದರು. "ಇವತ್ತೊಂದಿನ ಅಣ್ಣಮ್ಮ, ದಯವಿಟ್ಟು."

"ರೂಲು ಮೇಡಂ. ಇಲ್ಲೇ ಬಿಚ್ಚಿ."

"ಇವತ್ತು ಬೇಡ ಕಣಮ್ಮಾ, ಬೇಡ" ಎಂದು ನನ್ನ ಕೈ ಹಿಡಿದರು. ಮಡಿ ಮೈಲಿಗೆ ಎನ್ನುವ ಆ ಹೆಂಗಸು ನನ್ನ ಗ್ಲೌಸ್ ಹಾಕಿದ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಅಳುತ್ತಿದ್ದರು. ಚಲುವರಾಜುಗೆ ಗಾಡಿಯನ್ನು ರಸ್ತೆಗೆ ಅಡ್ಡ ನಿಲ್ಲಿಸು ಎಂದೆ. ನಿಲ್ಲಿಸಿದ. ಹಿಂದಿನಿಂದ ಹಾರ್ನು, ಎದುರು ಮನೆಯವರು, ಮಹಡಿಯವರು, ವಾಕಿಂಗ್ ಹೋಗುವವರು, ಎಲ್ಲ ಸೇರಿದರು. ಕಸದ ಮಾರ್ಷಲ್ ಬಂದ. ನಾನು ಕವರು ಹರಿದು ರಸ್ತೆಯ ಮೇಲೆ ಸುರಿದೆ. ಡೈಪರ್, ಗಂಜಿ, ಗುಳಿಗೆ ಹಾಳೆ, ಎಲೆ ಅಡಿಕೆ ಡಬ್ಬಿ, ಟಿ.ವಿ.ಯಲ್ಲಿ ಕಾಣೆಯಾದ ದಿನ ಉಟ್ಟಿದ್ದರು ಎಂದು ತೋರಿಸಿದ್ದ ಆ ಹಸಿರು ಸೀರೆ. ಯಾರೋ "ಇದು ಇಂದ್ರಾಣಿ ಆಂಟೀದು" ಎಂದರು. ಆಮೇಲೆ ನಾನು ಏನೂ ಮಾಡಬೇಕಾಗಲಿಲ್ಲ.

ಪೊಲೀಸರು ಹಿಂದಿನ ರೂಮಿನಿಂದ ಮಂಚದ ಸಮೇತ ಹೊರಗೆ ತಂದರು. ಮೈ ಶುಭ್ರವಾಗಿತ್ತು, ತಲೆ ಬಾಚಿ ಹೂವು ಮುಡಿಸಿದ್ದರು. ನನ್ನನ್ನು ನೋಡಿದರು. ಗುರುತು ಸಿಕ್ಕಿತು, ಬಾಯಿಯ ಎಡಗಡೆ ನಗಲು ನೋಡಿತು. ಅಷ್ಟರಲ್ಲಿ ಪ್ರಮೋದ್ "ಅಮ್ಮಾ" ಎಂದು ಬೀದಿಗೆಲ್ಲ ಕೇಳುವ ಹಾಗೆ ಅಳುತ್ತ ಬಂದ. ಆ ದನಿ ಕೇಳಿದ್ದೇ ಇಂದ್ರಾಣಿಯಮ್ಮನ ಎಡಗೈ ನನ್ನ ಯೂನಿಫಾರಂ ಕೋಟನ್ನು ಹಿಡಿದುಕೊಂಡಿತು. ಸ್ವಾಧೀನ ಇರುವ ಕೈ ಅದೊಂದೇ. ಅಷ್ಟು ಬಲ ಎಲ್ಲಿಂದ ಬಂತೋ. ಬಿಡಲಿಲ್ಲ.

"ಬಿಡಿಸಿ, ಆಂಬುಲೆನ್ಸ್ ಬಂತು" ಎಂದು ಇನ್ಸ್‌ಪೆಕ್ಟರು ಹೇಳಿದರು.

ಬೇರೆಯವರು ಬಿಡಿಸಿದ್ದರೆ ನೋವಾಗುತ್ತಿತ್ತು. ನಾನೇ ಒಂದೊಂದೇ ಬೆರಳು ಬಿಡಿಸಿದೆ ಭೀಮಾ. ನಿನ್ನ ಹಳದಿ ಕಣ್ಣು ನೆನಪು ಮಾಡಿಕೊಂಡು ಬಿಡಿಸಿದೆ.

ವಾರ ಎರಡು ವಾರದಲ್ಲಿ ನೀನು ಹೊರಗೆ ಬರುತ್ತೀಯ ಎಂದು ವಕೀಲರು ಹೇಳಿದ್ದಾರೆ. ನನ್ನನ್ನು ಬೈಯ್ಯಿ, ಹೊಡಿ, ಏನಾದರೂ ಮಾಡು. ಮನೆಗೆ ಬಾ.

ಅಮ್ಮ


ಇಟ್ಟಮಡು
4 ಮೇ 2025

ಅಮ್ಮನಿಗೆ,

ಮೊನ್ನೆ ಎರಡನೇ ತಾರೀಕು ಬಿಟ್ಟರು. ನೀನು ಗೇಟಿನ ಹತ್ತಿರ ಕಾಯುತ್ತಿದ್ದೆ. ನೋಡಿದೆ. ಇನ್ನೊಂದು ಕಡೆಯಿಂದ ಬಸ್ ಹತ್ತಿದೆ. ಇಲ್ಲಿ ಶಾಮಣ್ಣನ ಗ್ಯಾರೇಜಿನಲ್ಲಿ ಇದ್ದೇನೆ.

ಅನಂತರಾಮು ಸಾರ್ ನನ್ನ ಪರವಾಗಿ ಹೇಳಿಕೆ ಕೊಟ್ಟಿದ್ದಾರೆ. ಅವರ ಮೇಲೂ ಕೇಸು ಬಿದ್ದಿದೆ, ಜಾಮೀನಿನ ಮೇಲೆ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಇಂದ್ರಾಣಿಯಮ್ಮನನ್ನು ಆಸ್ಪತ್ರೆಯವರು ಹತ್ತೇ ದಿನಕ್ಕೆ ಮಗನ ಕೈಗೆ ಒಪ್ಪಿಸಿದರಂತೆ. ನಾನು ನಿನ್ನೆ ಸ್ಟೇಷನ್ನಿಗೆ ಹೋಗಿ ಹೊಡೆಯುತ್ತಿದ್ದ ವಿಷಯ ಬರೆದುಕೊಟ್ಟೆ. "ಈಗ ತಾನೇ ಆಚೆ ಬಂದಿದ್ದೀಯ, ಸುಮ್ನಿರು. ಅವರಮ್ಮ ಬಂದು ಹೇಳಲಿ, ಬರ್ಕೋತೀವಿ" ಎಂದರು. ಅವರಮ್ಮ ಎಲ್ಲಿಂದ ಹೇಳುತ್ತಾರೆ?

ನೀನು ಮಾಡಿದ್ದು ತಪ್ಪು ಎಂದು ಹೇಳಲು ನನಗೆ ಬಾಯಿಲ್ಲ. ಇನ್ನು ಎರಡು ತಿಂಗಳಾಗಿದ್ದರೆ ನಾನು ಅಲ್ಲೇ ಸಾಯುತ್ತಿದ್ದೆ. ಆದರೆ ಮನೆಗೆ ಬರಲು ಕಾಲು ಏಳುತ್ತಿಲ್ಲ. ನಿನ್ನ ಕೈ ನೋಡಿದರೆ ಆ ಬೆರಳುಗಳು ನೆನಪಾಗುತ್ತವೆ. ಫೋನ್ ಮಾಡಬೇಡ. ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ.

ಭೀಮೇಶ


ಸಿದ್ದಾಪುರ
21 ಮೇ 2025

ಭೀಮೇಶನಿಗೆ,

ಇದನ್ನು ಚಲುವರಾಜು ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅಂಚೆಗೆ ಹಾಕುವಷ್ಟು ಹೊತ್ತಿಲ್ಲ.

ಬುದ್ಧ ಪೂರ್ಣಿಮೆಯ ದಿನ ಪಾಯಸ ಮಾಡಿ ನಿನ್ನ ತಟ್ಟೆ ಹಾಕಿ ಕೂತಿದ್ದೆ. ಆ ಮಾತು ಬಿಡು. ನನ್ನ ಮೇಲೆ ನಿನಗೆ ಕೋಪವೋ ಕರುಣೆಯೋ, ಅದನ್ನು ಆಮೇಲೆ ನೋಡೋಣ.

ಈಗ ನಾನು ಪ್ರಮೋದ್ ಮನೆಯ ಕಸ ನೋಡುತ್ತಿದ್ದೇನೆ. ಮೊದಲ ವಾರ ನರ್ಸ್ ಇದ್ದಳು. ನೆಂಟರು, ಟಿ.ವಿ.ಯವರು ಬಂದು ಹೋಗುತ್ತಿದ್ದರು. ದಿನಕ್ಕೆ ಮೂರು ಪೊಟ್ಟಣ, ಗಂಜಿ, ಹಣ್ಣಿನ ಸಿಪ್ಪೆ. ಆಮೇಲೆ ನರ್ಸ್ ಇಲ್ಲ. ಪೊಟ್ಟಣ ದಿನಕ್ಕೆ ಒಂದಾಯಿತು. ಹೋದ ವಾರಕ್ಕೆಲ್ಲ ಸೇರಿ ಎರಡು. ಇವತ್ತಿಗೆ ನಾಲ್ಕು ದಿನ, ಒಂದೂ ಬಂದಿಲ್ಲ. ಹಸಿ ಕಸದಲ್ಲಿ ಗಂಜಿಯೂ ಇಲ್ಲ, ಬರೀ ಹೋಟೆಲ್ಲಿನಿಂದ ತರಿಸಿದ ಬಿರಿಯಾನಿಯ ಮೂಳೆ, ಅದೂ ಒಬ್ಬನ ಊಟ. "ಅಮ್ಮ ಹೇಗವ್ರೆ ಸಾರ್?" ಎಂದು ಕೇಳಿದೆ. "ಚೆನ್ನಾಗಿದಾರೆ, ನಿನ್ನ ಕೆಲಸ ನೋಡ್ಕೊ" ಎಂದ. ಹಿರಿಯರ ಸಹಾಯವಾಣಿಗೆ ಫೋನ್ ಮಾಡಿದೆ. ಅವರು ಅವನಿಗೇ ಫೋನ್ ಮಾಡಿ ವಿಚಾರಿಸಿದರಂತೆ.

ಬದುಕಿದ್ದಾರೆ. ಅದು ಹೇಗೆ ಗೊತ್ತು ಎಂದರೆ, ನಾನು ಓಣಿ ಗುಡಿಸುತ್ತ ಅವರ ಹಿಂದಿನ ಕಿಟಕಿಯ ಕೆಳಗೆ ಬಂದಾಗ ಒಳಗಿನಿಂದ ಕಂಬಿಗೆ ಲೋಟ ತಾಗಿಸುವ ಸದ್ದು ಬರುತ್ತದೆ. ಟಣ್ ಟಣ್ ಎಂದು. ನನ್ನ ಪೊರಕೆಯ ಸದ್ದು ಅವರಿಗೆ ಗೊತ್ತಾಗುತ್ತದೆ. ನಾನು ನಿಲ್ಲಿಸಿದರೆ ಅವರೂ ನಿಲ್ಲಿಸುತ್ತಾರೆ, ಮತ್ತೆ ಗುಡಿಸಿದರೆ ಮತ್ತೆ. ಮೊನ್ನೆ ಆರು ಸಲ ಬಡಿದರು. ನಿನ್ನೆ ಮೂರು. ಇವತ್ತು ಒಂದೇ ಸಲ, ಅದೂ ಲೋಟ ಕೈಯಿಂದ ಜಾರಿ ಬಿದ್ದ ಹಾಗೆ.

ಬಿಡಿಸಿದ ಬೆರಳನ್ನು ಮತ್ತೆ ಹಿಡಿಯದಿದ್ದರೆ ನಾನು ಮನುಷ್ಯಳೇ ಅಲ್ಲ. ನಾಳೆ ಬೆಳಿಗ್ಗೆ ಅವನ ಗೇಟಿನಲ್ಲಿ ನಿಲ್ಲುತ್ತೇನೆ. ಕಸ ತೆಗೆದುಕೊಳ್ಳುವುದಿಲ್ಲ, ಟಿಪ್ಪರ್ ಕದಲುವುದಿಲ್ಲ, ಬೀದಿ ಸೇರಲಿ, ಪೊಲೀಸ್ ಬರಲಿ. ಬೇರೆ ಬೀದಿಯ ಹೆಂಗಸರಿಗೂ ಹೇಳಿದ್ದೇನೆ, ಹನ್ನೊಂದು ಜನ ಬರುತ್ತೇವೆ ಎಂದಿದ್ದಾರೆ. ಆದರೆ ಗೇಟಿನಲ್ಲಿ ಗಲಾಟೆ ನಡೆಯುವಾಗ ಅವನು ಒಳಗೆ ಏನು ಮಾಡುತ್ತಾನೋ ಎಂಬ ಭಯ ಒಂದೇ ನನಗಿರುವುದು.

ನೀನು ಬರದಿದ್ದರೂ ಪರವಾಗಿಲ್ಲ. ನಿನಗೆ ಹೇಳದೆ ಮಾಡುವುದು ಬೇಡ ಎನಿಸಿತು, ಹೋದ ಸಲದ ಹಾಗೆ.

ಅಮ್ಮ


21 ಮೇ 2025

ಅಮ್ಮ,

ನಾಳೆ ಆರಕ್ಕೆ ಮಸ್ಟರಿನ ಹತ್ತಿರ ಇರುತ್ತೇನೆ. ನೀನು ಮುಂದಿನ ಗೇಟಿನಲ್ಲಿ ನಿಲ್ಲು, ಎಷ್ಟು ಗಟ್ಟಿಯಾಗಿ ಕೂಗಬೇಕೋ ಕೂಗು. ಆ ಮನೆಯ ಓಣಿ ಕಡೆಯ ಬಾಗಿಲಿನ ಚಿಲಕವನ್ನು ಹೊರಗಿನಿಂದ ಹೇಗೆ ಎತ್ತಬೇಕು ಎಂದು ಇಂದ್ರಾಣಿಯಮ್ಮ ನನಗೆ ಜನವರಿಯಲ್ಲೇ ತೋರಿಸಿಕೊಟ್ಟಿದ್ದರು.

ನಿನ್ನ ಮಗ,
ಭೀಮೇಶ